ಐದನೆಯ ಕೊಳವೆಯ ಜೋಳ

ಮೊನ್ನೆ ಮುಂಬಯಿ ಹತ್ತಿರದ ಕಲ್ಯಾಣದ ದುರ್ಗಾಡಿ ಸೇತುವೆ ಇನ್ನೂ ಸ್ವಲ್ಪ ದೂರವಿರುವಾಗಲೇ ನಮ್ಮ ರಿಕ್ಷಾ ನಿಂತುಬಿಟ್ಟಿತು. ರಸ್ತೆಯ ಪಕ್ಕ ತಗಡಿನ ಬೇಲಿ, ಒಳಗೆ ಯಾವುದೋ ಕಂಬಕ್ಕೆ ಗುಂಡಿ ತೋಡುವ ಯಂತ್ರ, ಹೊರಗೆ ಆಗಷ್ಟೇ ತೆಗೆದು ಸುರಿದ ಕಪ್ಪು ಕೆಸರಿನ ಗುಡ್ಡೆ. ಕೊಳೆತ ಮೊಟ್ಟೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ರಿಕ್ಷಾದವನು "ಪೂರಾ ಗಟರ್ ಖೋಲ್ ಕೆ ರಖಾ ಹೈ" ಎಂದು ಗೊಣಗಿ ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡ. ನಾನು ತಲೆ ಹೊರಗೆ ಹಾಕಿ ಎದೆ ತುಂಬ ಉಸಿರೆಳೆದುಕೊಂಡೆ. ಕನ್ನಡಿಯಲ್ಲಿ ಅವನು ನನ್ನನ್ನು ನೋಡಿದ ರೀತಿ ಹೇಳತೀರದು. ಐವತ್ತರ ಹತ್ತಿರದ ಹೆಂಗಸು, ಕುತ್ತಿಗೆಯಲ್ಲಿ ಕಾಲೇಜಿನ ಕಾರ್ಡು, ಗಟಾರದ ಗಾಳಿಯನ್ನು ಮಲ್ಲಿಗೆ ಮೂಸಿದ ಹಾಗೆ ಮೂಸುತ್ತಿದ್ದಾಳೆ!

ಅದು ಗಟಾರದ ವಾಸನೆಯಲ್ಲ ಎಂದು ಅವನಿಗೆ ಹೇಳಬೇಕೆನಿಸಿತು. ಬಹಳ ಕಾಲದಿಂದ ಗಾಳಿ ಮುಟ್ಟದೆ ನೆಲದಡಿ ಮಲಗಿದ್ದ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರು ಮೊದಲ ಸಲ ಮೇಲೆ ಬಂದಾಗ ಬಿಡುವ ಉಸಿರು ಅದು. ಆ ವಾಸನೆಗೆ ನಾನು ಋಣಿ. ನನ್ನ ಹೆಸರಿನ ಹಿಂದೆ ಇವತ್ತು 'ಡಾ.' ಎಂಬ ಅಕ್ಷರ ನಿಂತಿದ್ದರೆ ಅದು ಆ ಕೆಸರಿನಿಂದ, ಮತ್ತು ಅದರೊಳಗೆ ಒಂದು ಹಿಡಿ ಜೋಳ ಹಾಕಿದ ಶಹಾಡಿನ ಈರಮ್ಮನಿಂದ. ಆರೇಳು ವರ್ಷದ ಹಿಂದಿನ ಮಾತು. ದೀಪಾವಳಿಯಿಂದ ಮಳೆಗಾಲದವರೆಗಿನ ಆ ಏಳು ತಿಂಗಳನ್ನು ನಾನು ಬದುಕಿರುವವರೆಗೆ ಮರೆಯಲಾರೆ.

ಆಗ ನನಗೆ ನಲವತ್ತೆರಡು. ಡೊಂಬಿವಲಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಪಿಎಚ್‌ಡಿಗೆ ಹೆಸರು ನೋಂದಾಯಿಸಿ ಎಷ್ಟು ವರ್ಷವಾಗಿತ್ತೆಂದರೆ, ಸ್ಟಾಫ್ ರೂಮಿನಲ್ಲಿ ಯಾರೂ ಅದರ ಬಗ್ಗೆ ತಮಾಷೆ ಮಾಡುವುದನ್ನೂ ಬಿಟ್ಟಿದ್ದರು. ನನ್ನ ವಿಷಯ ಉಲ್ಹಾಸ ನದಿಯ ಖಾಡಿಯ ಮಣ್ಣು. ಕೆಸರು ಪದರ ಪದರವಾಗಿ ಕೂರುತ್ತದೆ. ಅಡಿಯದು ಹಳೆಯದು, ಮೇಲಿನದು ಹೊಸದು. ಒಂದು ಪದರದಲ್ಲಿ ಎಲೆ ಸಿಕ್ಕಿದರೆ ಅಲ್ಲಿ ಕಾಡಿತ್ತು, ಸಮುದ್ರದ ಚಿಪ್ಪು ಸಿಕ್ಕಿದರೆ ಉಪ್ಪು ನೀರು ಬಂದಿತ್ತು, ಮರಳು ಸಿಕ್ಕಿದರೆ ನದಿ ರಭಸವಾಗಿ ಹರಿದಿತ್ತು. ಹೀಗೆ ಓದುತ್ತಾ ಹೋದರೆ ಇಂದು ಹೌಸಿಂಗ್ ಸೊಸೈಟಿಗಳು ನಿಂತ ಜಾಗದಲ್ಲಿ ಒಂದಾನೊಂದು ಕಾಲದಲ್ಲಿ ಏನಿತ್ತು ಎಂದು ಹೇಳಬಹುದು. ಹೇಳಬಹುದು ನಿಜ, ಕೆಸರು ಸಿಕ್ಕರೆ. ನನ್ನ ಹತ್ತಿರವಿದ್ದ ಕೈ ಬೈರಿಗೆ ಒಂದಾಳು ಆಳಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಸಿಗುತ್ತಿದ್ದದ್ದು ಪ್ಲಾಸ್ಟಿಕ್ ಚೀಲ ಮತ್ತು ಕೆಮಿಕಲ್ ಕಾರ್ಖಾನೆಗಳ ಬಣ್ಣ.

ನನ್ನ ಗೈಡ್ ಸರ್ ಬರುವ ಜೂನ್ ಕೊನೆಗೆ ನಿವೃತ್ತರಾಗುವವರಿದ್ದರು. ಎರಡು ಸಲ ಅವಧಿ ವಿಸ್ತರಣೆ ತೆಗೆದುಕೊಂಡಾಗಿತ್ತು. ಮೂರನೆಯದು ಇಲ್ಲ ಎಂದು ವಿಶ್ವವಿದ್ಯಾಲಯದ ಕಾಗದ ಬಂದಿತ್ತು. ಅವರು ಹೋಗುವ ಮುಂಚೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಅಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ದೀಪಾವಳಿ ರಜೆಯಲ್ಲಿ ಒಂದು ಸಂಜೆ ಡೊಂಬಿವಲಿ ಪಶ್ಚಿಮದ ಖಾಡಿ ದಂಡೆಯಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಹೊಸ ಕಟ್ಟಡವೊಂದರ ಖಾಲಿ ಜಾಗದಲ್ಲಿ ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಂತಿತ್ತು, ತುದಿಯಲ್ಲಿ ರಾಟೆ, ಕೆಳಗೆ ಹಗ್ಗ ಸುತ್ತುವ ವಿಂಚು. ಕಟ್ಟಡ ಕಟ್ಟುವ ಮೊದಲು ನೆಲ ಎಷ್ಟು ಗಟ್ಟಿಯಿದೆ ಎಂದು ತೂತು ಕೊರೆದು ನೋಡುವವರು. ವಿಂಚಿನ ಹ್ಯಾಂಡಲ್ ಹಿಡಿದಿದ್ದ ಹೆಂಗಸು ಕೂಗುತ್ತಿದ್ದಳು: "ಹಗ್ಗ ಸಡ್ಲ ಬಿಡ್ರಿ ಅಂದ್ರ ತಿಳೀವಲ್ದೇನು? ಸಡ್ಲ!" ಬೈಸಿಕೊಳ್ಳುತ್ತಿದ್ದ ಮೇಸ್ತ್ರಿ ಅವಳ ಗಂಡನೇ ಎಂದು ಬೈಗುಳದ ಧಾಟಿಯಿಂದಲೇ ತಿಳಿಯಿತು.

"ನೀವು ಕನ್ನಡದವರಾ?" ಎಂದು ಕೇಳಿದೆ.

"ಹೌದ್ರೀ, ಕಲಬುರ್ಗಿ ಕಡಿಯವ್ರು. ನೀವ್ಯಾರ್ರೀ, ಮುನ್ಸಿಪಾಲ್ಟಿಯವ್ರೇನು?"

"ಅಲ್ಲ ಮಾರಾಯ್ತಿ, ನಾನು ಟೀಚರು. ನನಗೆ ಸ್ವಲ್ಪ ಕೆಸರು ಬೇಕಿತ್ತು."

ಅವಳು ಹ್ಯಾಂಡಲ್ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದಳು. "ಏನ್ರೀ, ಇಲ್ಲಿ ಬರ್ರಿ ಜರಾ. ಕೆಸರ ಒಯ್ಯೋರು ಯಾರರ ಸಿಕ್ರ ಕೈ ಮುಗೀಬೇಕು ಅಂತಿದ್ರೆಲ್ಲ, ಅಕ್ಕೋರು ತಾವೇ ಕೇಳಕೋತ ಬಂದಾರ."

ಹೀಗೆ ಈರಮ್ಮ ಮತ್ತು ಶರಣಪ್ಪ ನನ್ನ ಬದುಕಿನೊಳಗೆ ಬಂದರು. ಅವರ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನಾನು ಅಂದಿನಿಂದ ಅಕ್ಕೋರಾದೆ. ಅವರಿಗೆ ಬೇಕಿದ್ದದ್ದು ತಳದ ಬಂಡೆ, ನನಗೆ ಬೇಕಿದ್ದದ್ದು ಅದರ ಮೇಲಿನ, ಅವರು ಎಸೆಯುತ್ತಿದ್ದ ಕೆಸರು. ಸೈಟಿನ ಇಂಜಿನಿಯರ್ ಒಳ್ಳೆಯ ಮನುಷ್ಯ. ಜಾಗದ ಅಂಚಿನಲ್ಲಿ ನನಗಾಗಿ ಒಂದು ತೂತು ಬೇರೆಯಾಗಿ ಕೊರೆಯಲು ಒಪ್ಪಿದ, ಭಾನುವಾರ ಮಾತ್ರ, ಅವರ ಕೆಲಸ ಕೆಡದ ಹಾಗೆ. ಭಾನುವಾರ ಅವರ ರಜೆ. ಅದನ್ನು ನನಗೆ ಕೊಡುತ್ತೀರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಶರಣಪ್ಪನೇ ಹೇಳಿದ: "ಮನ್ಯಾಗ ಕುಂತು ಏನ್ ಮಾಡೋದದ ಅಕ್ಕೋರೆ. ಈಕಿ ಕೈಲೆ ಬೈಸಿಕೊಳ್ಳೋದು ಅಲ್ಲಿ ಆದ್ರೇನು, ಇಲ್ಲಿ ಆದ್ರೇನು."

ಕೆಲಸ ಹೀಗೆ. ತೂತಿನ ಮೇಲ್ಭಾಗ ಕುಸಿಯದಂತೆ ಒಂದು ದಪ್ಪ ಪೈಪು ಇಳಿಸಿರುತ್ತಾರೆ. ಅದರೊಳಗಿಂದ ತೆಳುವಾದ ಉಕ್ಕಿನ ಕೊಳವೆಯನ್ನು ತಳದ ಕೆಸರಿಗೆ ಒತ್ತಿ, ತುಂಬಿದ ಮೇಲೆ ವಿಂಚಿನಿಂದ ಎಳೆಯುವುದು. ಆಮೇಲೆ ಅಲ್ಲಿಂದ ಇನ್ನೂ ಕೆಳಗೆ ಮುಂದಿನ ಕೊಳವೆ. ಒಂದು ಭಾನುವಾರಕ್ಕೆ ಎರಡು ಬಂದರೆ ಹೆಚ್ಚು. ನನ್ನ ಷರತ್ತು ಒಂದೇ ಇತ್ತು: ಗುಂಡಿಯೊಳಗೆ ಹೊರಗಿನದು ಏನೂ ಬೀಳಬಾರದು. ಬೀಡಿ ತುಂಡು, ಎಲೆ ಅಡಿಕೆ, ಕೂದಲು, ಏನೂ. ಈರಮ್ಮ ಅಂದಿನಿಂದ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದಳು, ಕೆಲಸ ನಿಂತಾಗಲೆಲ್ಲ ಪೈಪಿನ ಬಾಯಿಗೆ ಗೋಣಿ ಹೊದಿಸಿದಳು. ಗಂಡನ ಬೀಡಿಯನ್ನು ಖಾಡಿಗೆ ಎಸೆದಳು.

ಅವಳಿಗೆ ಮಣ್ಣು ಗೊತ್ತಿತ್ತು. ನಾನು ಪುಸ್ತಕದಲ್ಲಿ ಓದಿದ್ದನ್ನು ಅವಳು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಹೇಳುತ್ತಿದ್ದಳು. "ಇದು ಹೊಳಿ ತಂದದ್ದರೀ, ಕರಕರ ಅಂತದ. ಇದು ನಮ್ಮ ಎರಿ ಮಣ್ಣ ಇದ್ದಂಗ, ಬೆಣ್ಣಿ." ಒಮ್ಮೆ ನೋಡಿದರೆ ಒಂದು ಚೂರನ್ನು ಹಲ್ಲಿಗೆ ಇಟ್ಟುಕೊಳ್ಳುತ್ತಿದ್ದಾಳೆ. "ಅಯ್ಯೋ, ಬಾಯಿಗೆ ಹಾಕಬೇಡ, ಇದು ಕೆಮಿಕಲ್ ಖಾಡಿ!" ಎಂದು ಚೀರಿದೆ. "ಕೆಮಿಕಲ್ ಮ್ಯಾಗಿಂದರೀ ಅಕ್ಕೋರೆ, ತಳಗಿಂದಲ್ಲ" ಎಂದಳು. ನನ್ನ ಇಡೀ ವಿಷಯವನ್ನು ಅಷ್ಟು ಚುಟುಕಾಗಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ನಾನೂ ಬಿಡದೆ ಅವಳಿಗೆ ಪಾಠ ಮಾಡುತ್ತಿದ್ದೆ. ಟೀಚರುಗಳ ಬಾಯಿ ಸುಮ್ಮನಿರುವುದಿಲ್ಲ. ಪ್ರತಿ ವರ್ಷ ತರಗತಿಯಲ್ಲಿ ಹೇಳುವ, ನನಗೆ ಬಹಳ ಇಷ್ಟವಾದ ಒಂದು ಮಾತಿತ್ತು. ಅದನ್ನು ಅವಳಿಗೂ ಹೇಳಿದೆ: "ಜನ ಸುಳ್ಳು ಹೇಳ್ತಾರೆ, ಪುಸ್ತಕವೂ ಸುಳ್ಳು ಹೇಳ್ತದೆ. ಮಣ್ಣು ಮಾತ್ರ ಸುಳ್ಳು ಹೇಳುವುದಿಲ್ಲ ಈರಮ್ಮ." ಅವಳು ವಿಂಚು ತಿರುಗಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

ಕಾಲೇಜಿನ ಫ್ರಿಜ್ ಕೆಟ್ಟಿತ್ತು. ಕೊಳವೆಗಳನ್ನು ತಂಪಾಗಿಡದಿದ್ದರೆ ಕೆಸರು ಕೆಡುತ್ತದೆ. ಹಾಗಾಗಿ ಅವನ್ನು ತುಂಡು ಮಾಡಿ, ಪ್ಲಾಸ್ಟಿಕ್ ಸುತ್ತಿ ರಿಕ್ಷಾದಲ್ಲಿ ಮನೆಗೆ ತಂದು ನಮ್ಮ ಫ್ರಿಜ್ಜಿನಲ್ಲೇ ಇಟ್ಟೆ. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಮ್ಮ ಕಾರ್ಕಳದ ಕಡೆಯವಳು, ಮಾತೆಲ್ಲ ತುಳುವಿನಲ್ಲಿ, ಗೊಣಗುವುದಂತೂ ಅಪ್ಪಟ ತುಳುವಿನಲ್ಲಿ. "ಇಡ್ಲಿ ಹಿಟ್ಟು ಎಲ್ಲಿಡಬೇಕು ನಾನು? ನಿನ್ನ ಸಮುದ್ರದ ತಲೆ ಮೇಲೆಯಾ?" ಎಂದು ಕೇಳಿದಳು. ಕೊನೆಗೆ ಅಲ್ಲಿಯೇ ಇಟ್ಟಳು.

ಆ ಸಲದ ಎಳ್ಳಮವಾಸ್ಯೆ ಶನಿವಾರ ಬಿತ್ತು. ಕಲಬುರಗಿ, ವಿಜಯಪುರದ ಕಡೆ ಅದು ದೊಡ್ಡ ಹಬ್ಬ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಅಡಿಗೆಯನ್ನು ಪೈರಿನ ನಡುವೆ ಭೂಮಿತಾಯಿಗೆ ಎರಚಿ, ಅಲ್ಲೇ ಕೂತು ಉಣ್ಣುತ್ತಾರೆ. ಚರಗ ಚೆಲ್ಲುವುದು ಎನ್ನುತ್ತಾರೆ ಅದಕ್ಕೆ. ಈರಮ್ಮ ನನ್ನನ್ನೂ ಕರೆದಿದ್ದಳು. ನನಗೆ ಅಂದು ಪ್ರಿಲಿಮ್ ಪರೀಕ್ಷೆಯ ಮೇಲ್ವಿಚಾರಣೆ, ಹೋಗಲಾಗಲಿಲ್ಲ. ಮರುದಿನ ಭಾನುವಾರ ಸೈಟಿಗೆ ಬಂದಾಗ ಸ್ಟೀಲಿನ ಡಬ್ಬಿ ತುಂಬ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪು ಹಾಕಿದ ಭಜ್ಜಿ ತಂದಿದ್ದಳು. ಕಬ್ಬಿಣದ ರಾಡುಗಳ ಮೇಲೆ ಕೂತು ಡಬ್ಬಿ ಬಳಿದು ತಿಂದೆ. ಆ ದಿನ ನಾವು ಐದನೆಯ ಮತ್ತು ಆರನೆಯ ಕೊಳವೆ ತೆಗೆದೆವು.

ಜನವರಿ ಮುಗಿಯುವಷ್ಟರಲ್ಲಿ ಒಂಬತ್ತು ಕೊಳವೆಗಳಾದವು, ತಳದ ಬಂಡೆ ಸಿಕ್ಕಿತು. ನಾನು ರಜೆ ಹಾಕಿ ಕೆಸರನ್ನು ಸೀಳಿ, ಗೆರೆ ಗೆರೆಯಾಗಿ ಬರೆದು, ಜರಡಿಯಲ್ಲಿ ತೊಳೆಯುತ್ತಾ ಕೂತೆ. ಮೊದಲು ಕಂಡದ್ದು ಚಿಪ್ಪುಗಳು. ಮೂರನೆಯ ಕೊಳವೆಯಿಂದ ಒಂಬತ್ತನೆಯದರವರೆಗೆ ಪ್ರತಿಯೊಂದರಲ್ಲೂ ಸಣ್ಣ ಸಮುದ್ರಚಿಪ್ಪುಗಳ ಒಂದು ಪದರ. ಅಂದರೆ ಏಳು ಸಲ ಸಮುದ್ರ ಮೇಲೆ ಬಂದು, ಏಳು ಸಲ ಹಿಂದೆ ಸರಿದಿದೆ! ಕುಣಿಯುವುದೊಂದು ಬಾಕಿ. ಸಮುದ್ರದ ಏಳು ಭೇಟಿಗಳ ಮೇಲೆ ಒಂದು ಅಧ್ಯಾಯವನ್ನೇ ಬರೆದು ಗೈಡ್ ಸರಿಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಮರಾಠಿಯಲ್ಲಿ, ಹೆಂಗಸರನ್ನು ಕರೆಯುವ ಹಾಗೆ 'ಬಾಯಿ' ಎಂದು ಕರೆದು ಹೇಳಿದರು: "ಸಮುದ್ರ ಇಷ್ಟು ವೇಳೆಗೆ ಸರಿಯಾಗಿ ಬರ್ತದಾ ಬಾಯಿ? ನಮ್ಮ ಲೋಕಲ್ ಟ್ರೇನೇ ಬರೋದಿಲ್ಲ." ನನಗೆ ಸಿಟ್ಟು ಬಂತು. ಮಣ್ಣು ಸುಳ್ಳು ಹೇಳುವುದಿಲ್ಲ ಎಂದು ಅವರಿಗೂ ಪಾಠ ಮಾಡಿ ಬಂದೆ.

ಅದಾದ ವಾರಕ್ಕೆ ಐದನೆಯ ಕೊಳವೆಯ ಕೆಸರು ತೊಳೆಯುವಾಗ ಜರಡಿಯಲ್ಲಿ ದುಂಡಗಿನದೊಂದು ಉಳಿಯಿತು. ಇನ್ನೊಂದು. ಮತ್ತೊಂದು. ಭೂತಗನ್ನಡಿ ಹಿಡಿದು ನೋಡಿದರೆ ಜೋಳ. ಹನ್ನೊಂದು ಕಾಳು ಜೋಳ, ನಾಲ್ಕು ಎಳ್ಳು. ಕಲ್ಯಾಣ ಹಳೆಯ ಕಾಲದ ಬಂದರು. ಘಟ್ಟದ ಮೇಲಿನ ಸರಕು ಇಳಿದು ಬಂದು ಇಲ್ಲಿಂದ ಹಡಗು ಹತ್ತುತ್ತಿತ್ತು ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಆ ಸರಕಿನ ಧಾನ್ಯವೇ ಖಾಡಿಯ ಕೆಸರಿನಲ್ಲಿ ಸಿಕ್ಕರೆ? ಸುಟ್ಟು ಇದ್ದಿಲಾಗಿದ್ದರೆ ಸರಿ, ಇಲ್ಲದಿದ್ದರೆ ಅಷ್ಟು ಹಳೆಯ ಕಾಳು ಇಷ್ಟು ಚೆನ್ನಾಗಿ ಉಳಿಯುವುದು ಅಪರೂಪ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಗಾಳಿಯಿಲ್ಲದ ಕೆಸರಲ್ಲವೇ, ಉಳಿದಿರಬಹುದು ಎಂದು ಇನ್ನೊಂದು ಮೂಲೆ ಅದರ ಬಾಯಿ ಮುಚ್ಚಿಸಿತು. ಬೇಕಾದದ್ದು ಕಣ್ಣೆದುರು ಬಿದ್ದಾಗ ಬುದ್ಧಿ ವಕೀಲನಾಗಿಬಿಡುತ್ತದೆ. ಸಲ್ಲಿಕೆಗೆ ಮೊದಲು ವಿಭಾಗದ ಎಲ್ಲರೆದುರು ಮಾಡಬೇಕಾದ ಸೆಮಿನಾರಿಗೆ ಇನ್ನು ಎಂಟೇ ದಿನವಿತ್ತು. ಜೋಳದ ಫೋಟೊವನ್ನು ಮೊದಲ ಸ್ಲೈಡಿಗೇ ಹಾಕಿದೆ.

ಸಂತೋಷ ತಡೆಯಲಾರದೆ ಮರುದಿನ ಪೇಢಾ ಕಟ್ಟಿಸಿಕೊಂಡು ಶಹಾಡಿಗೆ ಹೋದೆ. ಸ್ಟೇಷನ್ನಿನ ಹಿಂದೆ ಸಾಲುಮನೆಗಳ ಚಾಳಿನಲ್ಲಿ ಅವರದೊಂದು ಕೋಣೆ. ಮೊಬೈಲಿನಲ್ಲಿ ಫೋಟೊ ತೋರಿಸಿ, "ನೋಡಿ, ನಿಮ್ಮ ಕಡೆಯ ಜೋಳ! ಯಾವ ಕಾಲದಲ್ಲೋ ನಿಮ್ಮವರು ಇಲ್ಲಿಗೆ ಬಂದಿದ್ದಾರೆ" ಎಂದೆ.

ಶರಣಪ್ಪ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಮ್ಮ ಜ್ವಾಳೇನ್ರಿ? ಅಷ್ಟ್ ಹಳೇದು? ಏ ಈರೀ, ಇಲ್ಲಿ ನೋಡು."

ಈರಮ್ಮ ನೋಡಿದಳು. ಚಹಾ ಮಾಡಲು ಎದ್ದಳು. ಚಹಾ ಬರಲು ಬಹಳ ಹೊತ್ತಾಯಿತು, ಬಂದಾಗ ಅದಕ್ಕೆ ಸಕ್ಕರೆಯೇ ಇರಲಿಲ್ಲ. ನಾನು ಅದನ್ನೂ ಖುಷಿಯಲ್ಲಿ ಕುಡಿದೆ.

ಮಾರನೆಯ ಸಂಜೆ ಐದರ ಹೊತ್ತಿಗೆ ನಮ್ಮ ಮನೆಯಲ್ಲಿ ಬೆಲ್ಲಾಯಿತು. ಅಮ್ಮ ಬಾಗಿಲು ತೆರೆದರೆ ಈರಮ್ಮ, ಒಬ್ಬಳೇ. ಶಹಾಡಿನಿಂದ ಲೋಕಲ್ ಹತ್ತಿ, ಕಲ್ಯಾಣದಲ್ಲಿ ಆ ನೂಕುನುಗ್ಗಲಿನಲ್ಲಿ ಗಾಡಿ ಬದಲಿಸಿ, ಕೇಳಿಕೊಂಡು ಕೇಳಿಕೊಂಡು ಬಂದಿದ್ದಳು. ಕುರ್ಚಿಯ ಮೇಲೆ ಕೂರಲಿಲ್ಲ, ನೀರೂ ಕುಡಿಯಲಿಲ್ಲ.

"ಅಕ್ಕೋರೆ, ಆ ಜ್ವಾಳ ನಾ ಹಾಕೀನ್ರೀ."

"ಯಾವ ಜೋಳ?"

"ಎಳ್ಳಮವಾಸಿ ದಿನ ಚರಗ ಚೆಲ್ಲಾಕ ಸೈಟಿಗಿ ಹೋಗಿದ್ವಿ. ಇವ್ರು ಖಾಡಿ ಕಡಿ ಚೆಲ್ಲಾಕ ಹೋದಾಗ, ನಾ ಗೋಣಿ ಸರಿಸಿ ನಿಮ್ಮ ಗುಂಡ್ಯಾಗ ಒಂದ್ ತುತ್ತು ಚರಗ, ಊರಿಂದ ತಂದಿದ್ದ ಒಂದ್ ಹಿಡಿ ಜ್ವಾಳ ಬಿಟ್ಟೀನ್ರೀ. ಇವ್ರಿಗೂ ಹೇಳಿಲ್ಲ. ಏನೂ ಹಾಕಬ್ಯಾಡ ಅಂತ ನೀವು ಹೇಳಿದ್ರಿ. ತಪ್ಪಾತು."

ನಾನು ನಂಬಲಿಲ್ಲ. ನಂಬಲು ಮನಸ್ಸು ಬರಲಿಲ್ಲ ಎನ್ನುವುದೇ ಸರಿ. ಅಷ್ಟು ಆಳಕ್ಕೆ ಹೋಗಲಿಕ್ಕಿಲ್ಲ, ಇದು ಬೇರೆ, ಅದು ಬೇರೆ ಎಂದು ಏನೇನೋ ವಾದಿಸಿದೆ. ಅವಳು ಎಲ್ಲ ಕೇಳಿಸಿಕೊಂಡು ಹೇಳಿದಳು: "ಎರಡ್ ಕಾಳ ನೆನಿ ಹಾಕ್ರಿ. ಅಜ್ಜ ಮುತ್ತಜ್ಜನ ಕಾಲದ್ದಿದ್ರ ಮೊಳಕಿ ಬರಂಗಿಲ್ಲ. ನಮ್ಮ ಹೊಲದ್ದಿದ್ರ ಬರ್ತದ."

ಆಗ ನಾನೊಂದು ಮಾತು ಆಡಿದೆ. ಇಷ್ಟು ವರ್ಷವಾದರೂ ನೆನೆದರೆ ಕಿವಿ ಬಿಸಿಯಾಗುತ್ತದೆ. "ಈರಮ್ಮ, ಇದನ್ನು ಯಾರಿಗೂ ಹೇಳಬೇಡ. ನೀನು ಹೇಳದಿದ್ದರೆ ಯಾರಿಗೆ ಗೊತ್ತಾಗ್ತದೆ?"

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. "ಮಣ್ಣ ಸುಳ್ಳ ಹೇಳಂಗಿಲ್ಲ ಅಂತ ನೀವೇ ಹೇಳಿದ್ರೆಲ್ರೀ ಅಕ್ಕೋರೆ. ಈಗ ನಾ ಅದರ ಬಾಯಾಗ ಸುಳ್ಳ ತುರುಕಿದಂಗ ಆಗ್ಯದ. ನಿನ್ನಿಯಿಂದ ಊಟ ಸೇರವಲ್ದು. ಅದನ್ನ ತಗದ್ ಹಾಕ್ರಿ."

ಅಮ್ಮನೇ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, ತನ್ನ ಕರಾವಳಿಯ ಕನ್ನಡದಲ್ಲಿ "ನೀನೆಂತ ತಪ್ಪು ಮಾಡಿದ್ದು? ಮೊದಲು ಎರಡು ದೋಸೆ ತಿನ್ನು" ಎಂದು ಕೂರಿಸಿದಳು. ಅವಳು ಹೋದ ಮೇಲೆ ಅಮ್ಮ ನನ್ನ ಡಬ್ಬಿಯಿಂದ ನಾಲ್ಕು ಕಾಳು ಎತ್ತಿ, ಹೆಸರುಕಾಳು ಮೊಳಕೆ ಕಟ್ಟುವ ಬಟ್ಟೆಯ ಇನ್ನೊಂದು ತುದಿಗೆ ಕಟ್ಟಿದಳು.

ಮೂರನೆಯ ದಿನ ಬೆಳಿಗ್ಗೆ ಅಡಿಗೆಮನೆಯಿಂದ ಅಮ್ಮ ಕೂಗಿದಳು: "ನಿನ್ನ ಸಾವಿರ ವರ್ಷ ಮೊಳಕೆ ಬಂದಿದೆ, ಬಂದು ನೋಡು."

ನಾಲ್ಕರಲ್ಲಿ ಮೂರು ಕಾಳು ಕಪ್ಪಾಗಿದ್ದವು. ಒಂದು ಮಾತ್ರ ಬಿಳಿಯ ಮೊಳಕೆ ಚಾಚಿತ್ತು. ಅಂಗೈ ಮೇಲೆ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಮೊದಲು ಅಳು ಬಂತು. ಆಮೇಲೆ, ಟೀಚರಿನ ಬುದ್ಧಿ, ಲೆಕ್ಕ ಶುರುವಾಯಿತು. ಪೈಪಿನ ಬಾಯಿಯಲ್ಲಿ ಬಿಟ್ಟ ಜೋಳ ತೂತಿನ ತಳಕ್ಕೆ ಹೋಗಿ ಬಿದ್ದಿದೆ. ಮರುದಿನ ಅದರ ಮೇಲೆಯೇ ಐದನೆಯ ಕೊಳವೆ ಒತ್ತಿದ್ದೇವೆ. ಹಾಗಾಗಿ ಅದು ಸಿಕ್ಕಿದ್ದು ಆ ಕೊಳವೆಯ ಮೇಲಿನ ಒಂದು ಗೇಣಿನಲ್ಲಿ, ಕೆಳಗೆ ಒಂದು ಕಾಳೂ ಇಲ್ಲ. ಅಂದರೆ ಆ ಗೇಣು ಹಳೆಯ ಪದರವೇ ಅಲ್ಲ, ಮೇಲಿನಿಂದ ಉದುರಿ ಬಿದ್ದ ಕಸ. ಬರೆದಿಟ್ಟ ಪುಸ್ತಕ ತಂದು ಚಿಪ್ಪುಗಳ ಪದರ ಎಲ್ಲೆಲ್ಲಿದೆ ನೋಡಿದೆ. ಮೂರನೆಯ ಕೊಳವೆಯಲ್ಲಿ ಮಾತ್ರ ಅದು ನಡುವೆ ಇತ್ತು. ಉಳಿದ ಆರರಲ್ಲೂ ಮೇಲಿನ ಒಂದು ಗೇಣಿನಲ್ಲಿ.

ದಪ್ಪ ಪೈಪು ಚಿಪ್ಪಿನ ಪದರದ ಕೆಳಗಿನವರೆಗೆ ಇಳಿದೇ ಇರಲಿಲ್ಲ. ಪ್ರತಿ ಸಲ ಕೊಳವೆ ಎಳೆದಾಗಲೂ ತೂತಿನ ಗೋಡೆಯಿಂದ ಅದೇ ಚಿಪ್ಪು ಉದುರಿ ತಳಕ್ಕೆ ಬೀಳುತ್ತಿತ್ತು. ಮುಂದಿನ ಕೊಳವೆ ಅದನ್ನು ತುಂಬಿಕೊಂಡು ಬರುತ್ತಿತ್ತು. ಸಮುದ್ರ ಏಳು ಸಲ ಬಂದಿರಲಿಲ್ಲ. ಒಂದೇ ಸಲ ಬಂದಿತ್ತು. ಉಳಿದ ಆರು ಸಮುದ್ರಗಳನ್ನು ನಾನೇ ತಂದಿದ್ದೆ. ಯಾವ ಪರೀಕ್ಷಕನಾದರೂ ಮೊದಲ ಹತ್ತು ನಿಮಿಷದಲ್ಲಿ ಹಿಡಿಯಬಹುದಾಗಿದ್ದ ತಪ್ಪು. ಆ ಜೋಳವಿಲ್ಲದಿದ್ದರೆ, ಜೋಳದ ಬಗ್ಗೆ ಈರಮ್ಮ ಬಾಯಿ ಬಿಡದಿದ್ದರೆ, ಆ ಏಳು ಸಮುದ್ರಗಳನ್ನು ಹೊತ್ತುಕೊಂಡು ಹೋಗಿ ನಾನು ಎಲ್ಲರೆದುರು ಮುಳುಗುತ್ತಿದ್ದೆ.

ಅಂದೇ ಗೈಡ್ ಸರ್ ಹತ್ತಿರ ಹೋಗಿ ಒಂದೂ ಬಿಡದೆ ಹೇಳಿದೆ, ಯಾರಿಗೂ ಹೇಳಬೇಡ ಎಂದು ಈರಮ್ಮನಿಗೆ ಹೇಳಿದ್ದನ್ನೂ ಸೇರಿಸಿ. ಅವರು ಮೊಳಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಆ ಬಾಯಿಗೆ ನನ್ನ ನಮಸ್ಕಾರ ಹೇಳು" ಎಂದರು. "ಹದಿನೈದು ದಿನದಿಂದ ಆ ಏಳು ಸಮುದ್ರ ನಂಬಲು ಒದ್ದಾಡುತ್ತಿದ್ದೆ. ಸೆಮಿನಾರು ಮುಂದೂಡೋಣ. ಈಗ ಇನ್ನೊಂದು ತೂತು ಕೊರೆಯಬೇಕು. ಮಳೆ ಬರುವ ಮೊದಲು."

ಅಷ್ಟರಲ್ಲಿ ಈರಮ್ಮ, ಶರಣಪ್ಪನ ಕೆಲಸ ನವಿ ಮುಂಬಯಿಯ ಕಡೆಗೆ ಬದಲಾಗಿತ್ತು. ವಾರವಿಡೀ ಅಲ್ಲಿ ದುಡಿದು, ಭಾನುವಾರ ಮತ್ತೆ ಡೊಂಬಿವಲಿಗೆ ಬರಬೇಕು. ಆದರೂ ಕೇಳಲು ಹೋದೆ. ಶರಣಪ್ಪನಿಗೆ ಹೆಂಡತಿ ಎಲ್ಲ ಹೇಳಿಯಾಗಿತ್ತು. "ನನಗರೆ ಹೇಳಬೇಕಿತ್ತಿಲ್ಲೋ ನೀನು" ಎಂದ ಅವಳಿಗೆ. "ಹೇಳಿದ್ರ ಬ್ಯಾಡ ಅಂತಿದ್ರಿ" ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ ಶರಣಪ್ಪ, "ತಪ್ಪು ನಂದೂ ಅದ ಅಕ್ಕೋರೆ. ಪೈಪು ಇನ್ನಾ ತಳಗ ಇಳಿಸಬೇಕಿತ್ತು. ನಮಗ ಕೆಸರ ಅಂದ್ರ ಕೆಸರ, ಅದಕ್ಕ ಇಷ್ಟ್ ಮರ್ಯಾದಿ ಅದ ಅಂತ ಗೊತ್ತಿರಲಿಲ್ಲ. ಈ ಸಲ ನೋಡ್ರಿ" ಎಂದ. ಹಳೆಯ ಚೌಕಟ್ಟು ಸೈಟಿನಲ್ಲೇ ಬಿದ್ದಿತ್ತು. ಜೂನ್ ಮೊದಲ ವಾರ ಟ್ರಕ್ಕು ಬಂದು ಒಯ್ಯುವವರೆಗೆ ಬಳಸಿಕೊಳ್ಳಿ ಎಂದು ಇಂಜಿನಿಯರ್ ಹೇಳಿದ.

ಏಪ್ರಿಲ್, ಮೇ ತಿಂಗಳ ಆ ಭಾನುವಾರಗಳು! ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಖಾಡಿಯ ಕಡೆಯಿಂದ ಬರುವ ಗಾಳಿಯೂ ಬಿಸಿ, ಉಪ್ಪು. ಶರಣಪ್ಪ ಪೈಪನ್ನು ಚಿಪ್ಪಿನ ಪದರ ದಾಟಿಸಿ ಕೆಳಗಿಳಿಸಿದ. ಪ್ರತಿ ಕೊಳವೆಗೆ ಮೊದಲು ತೂತಿನ ತಳವನ್ನು ಎರಡೆರಡು ಸಲ ತೊಳೆದ. ನಾನೂ ವಿಂಚು ತಿರುಗಿಸಿದೆ. ಈರಮ್ಮ ಗಂಡನಿಗೆ ಬೈದ ಹಾಗೆಯೇ ನನಗೂ ಬೈದಳು, ನನಗೆ ಅದು ಬಡ್ತಿ ಸಿಕ್ಕಿದ ಹಾಗಾಯಿತು. ಅಮ್ಮ ಮಜ್ಜಿಗೆಯ ಕ್ಯಾನು ಹಿಡಿದು ರಿಕ್ಷಾದಲ್ಲಿ ಬಂದು ನೆರಳಲ್ಲಿ ಕೂರುತ್ತಿದ್ದಳು. ತುಳುವಿನಲ್ಲಿ ಅಮ್ಮ, ಕಲಬುರಗಿ ಕನ್ನಡದಲ್ಲಿ ಈರಮ್ಮ, ಗಂಟೆಗಟ್ಟಲೆ ಏನು ಮಾತಾಡುತ್ತಿದ್ದರೋ, ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು.

ಕೊನೆಯ ಕೊಳವೆ ಬಂದದ್ದು ಟ್ರಕ್ಕು ಬರುವ ಹಿಂದಿನ ದಿನ. ಪಡುವಣದಲ್ಲಿ ಮೋಡ ಕಟ್ಟಿತ್ತು, ಗುಡುಗು ಕೇಳುತ್ತಿತ್ತು. ತಾಡಪಾಲಿನ ಕೆಳಗೆ ಕೂತು ಕೆಸರನ್ನು ಸೀಳಿದೆ. ಆ ವಾಸನೆ ಎದ್ದಿತು. ಸೀಳಿದ ಮುಖದ ಮೇಲೆ ಒಂದು ಎಲೆ ಅಂಟಿಕೊಂಡಿತ್ತು. ಖಾಡಿಯ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಎಲೆ, ಹಣ್ಣಾಗಿ ನಿನ್ನೆ ಉದುರಿದ ಹಾಗೆ ಹಳದಿ ಕಂದು, ನರಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಈರಮ್ಮನೇ ಮೊದಲು ನೋಡಿದ್ದು. ನಾವು ಮೂವರೂ ತಲೆ ಬಾಗಿಸಿ ನೋಡುತ್ತಿರುವಾಗಲೇ ಗಾಳಿ ಸೋಕಿ ಅದರ ಬಣ್ಣ ಇಳಿಯತೊಡಗಿತು. ಕೆಲವೇ ನಿಮಿಷದಲ್ಲಿ ಎಲೆ ಪೂರ್ತಿ ಕಪ್ಪಾಯಿತು.

"ಇದು ಖರೇ ಹಳೇದು" ಎಂದಳು ಈರಮ್ಮ, ಮೆಲ್ಲಗೆ. ಅಷ್ಟರಲ್ಲಿ ಮೊದಲ ಹನಿಗಳು ಬಿದ್ದವು.

ಪ್ರಬಂಧ ತೆಳುವಾಯಿತು. ಇಲ್ಲಿ ಕಾಂಡ್ಲಾ ಕಾಡಿತ್ತು, ಒಮ್ಮೆ ಸಮುದ್ರ ಒಳಗೆ ಬಂತು, ಮತ್ತೆ ನದಿ ಹೂಳು ತುಂಬಿತು, ಅದರ ಮೇಲೆ ನಾವು ಬಂದೆವು. ಇಷ್ಟೇ. ಆದರೆ ಪ್ರತಿ ಗೆರೆಯೂ ನಿಜ. ಸರ್ ನಿವೃತ್ತರಾಗಲು ಮೂರು ದಿನವಿರುವಾಗ ಒಪ್ಪಿಸಿದೆ.

ಮೌಖಿಕ ಪರೀಕ್ಷೆ ಆ ಚಳಿಗಾಲದಲ್ಲಿ ನಡೆಯಿತು. ಯಾರು ಬೇಕಾದರೂ ಬಂದು ಕೂರಬಹುದು. ಹಿಂದಿನ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ಇಳಕಲ್ ಸೀರೆ ಉಟ್ಟ ಈರಮ್ಮ, ಇಸ್ತ್ರಿ ಹಾಕಿದ ಅಂಗಿಯಲ್ಲಿ ಬೆವರುತ್ತಿದ್ದ ಶರಣಪ್ಪ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದ ಮರಾಠಿ ಪ್ರಾಧ್ಯಾಪಕರು. ಮೊದಲ ತೂತಿನ ಕೊಳವೆಗಳಲ್ಲಿ ಮೇಲಿನ ಒಂದು ಗೇಣನ್ನು ಬಿಟ್ಟಿದ್ದೇಕೆ ಎಂದು ಕೇಳಿದರು. ಅದರಲ್ಲಿ ಹೊಸ ಜೋಳವಿತ್ತು ಎಂದೆ. ಹಾಕಿದ್ದು ಯಾರು ಎಂದರು. ನಾನು ಹಿಂದಿನ ಸಾಲಿಗೆ ಕೈ ತೋರಿಸಿದೆ. ಕೋಣೆಯೆಲ್ಲ ತಿರುಗಿ ನೋಡಿತು.

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿ ಹಿಂದಿಯಲ್ಲಿ ಕೇಳಿದರು, ಗದರಿಸುವ ದನಿಯೇನಲ್ಲ: "ಬಾಯಿ, ಬೇಡ ಅಂದಿದ್ದರೂ ಯಾಕೆ ಹಾಕಿದಿರಿ?"

ನಾನೂ ಇದನ್ನು ಅವಳಿಗೆ ಎಂದೂ ಕೇಳಿರಲಿಲ್ಲ ಎಂದು ಆಗ ಹೊಳೆಯಿತು. ಈರಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಹಿಂದಿಯಲ್ಲಿ ಒಂದೆರಡು ಶಬ್ದ ಹುಡುಕಿ, ಸಿಗದೆ, ನನ್ನ ಕಡೆ ನೋಡಿ ಕನ್ನಡದಲ್ಲೇ ಹೇಳಿದಳು:

"ವಾರಾ ವಾರಾ ಬಂದು ಭೂಮ್ತಾಯಿ ಹೊಟ್ಟ್ಯಾಗಿಂದು ತಗೋತಿದ್ವಿ. ಒಮ್ಮಿನೂ ಯಾರೂ ಆಕಿಗಿ ಏನೂ ಕೊಡ್ಲಿಲ್ಲ. ಹಬ್ಬದ ದಿನಾನೂ ಬರೀಗೈಲೆ ಹ್ಯಾಂಗ ಹೋಗ್ಬೇಕ್ರೀ?"

ನಾನು ಮರಾಠಿಗೆ ತಿರುಗಿಸಬೇಕಿತ್ತು. ಎರಡು ಸಲ ಶುರುಮಾಡಿ, ಎರಡು ಸಲವೂ ಅರ್ಧಕ್ಕೇ ಬಿಟ್ಟೆ. ಗೈಡ್ ಸರ್ ನೀರಿನ ಲೋಟ ಮುಂದೆ ತಳ್ಳಿದರು. ಮೂರನೆಯ ಸಲ ಹೇಳಿ ಮುಗಿಸಿದಾಗ ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಅವರು ನನ್ನನ್ನು ಬೇರೆ ಪ್ರಶ್ನೆ ಕೇಳಲಿಲ್ಲ.

ಈಗ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಖಾಡಿಗೆ ಕರೆದೊಯ್ಯುತ್ತೇನೆ. ಕೈ ಬೈರಿಗೆ ನೆಲಕ್ಕೆ ಇಳಿಸುವ ಮೊದಲು ಪರ್ಸಿನಿಂದ ಒಂದು ಹಿಡಿ ಜೋಳ ತೆಗೆಯುತ್ತೇನೆ. ಮೊದಲ ಸಲ ನೋಡುವ ಹುಡುಗಿಯರು ಕಿಸಕ್ಕೆಂದು ನಗುತ್ತಾರೆ, ಮೇಡಂ ಪೂಜಾ ಕರ್ ರಹೀ ಹೈ ಎನ್ನುತ್ತಾರೆ. ನಗಲಿ. ತೂತಿನಿಂದ ಎರಡು ಮಾರು ದೂರ ಅಳೆದು, ಅಲ್ಲಿ ಚೆಲ್ಲಿ, ಕೈ ಒರೆಸಿಕೊಂಡು ಬಂದು ಕೆಲಸ ಶುರುಮಾಡುತ್ತೇನೆ.